ತಲೆ ಮುಟ್ಟಿದರೆ ರಾಜಗೀತೆ

ನಮ್ಮವರಿಗೆ ಎರಡು ಹೆಸರು. ಓಲ್ಡಮ್ ಊರಿನಲ್ಲಿ ದನದ ಬೋಟಿ ಮಾರುವ ಅಂಗಡಿಯವರ ಮಗನಾಗಿ ಹುಟ್ಟಿದಾಗ ಇಟ್ಟದ್ದು ಹರ್ಬರ್ಟ್ ಕ್ಲೆಗ್. ಡ್ಯಾನ್ಸ್ ಬ್ಯಾಂಡಿನ ಮುಂದೆ ಕೋಲು ಹಿಡಿದು ನಿಂತಾಗ ಸಿರಿಲ್ ವಾಲ್ಡೊ. ನಾನು ಮದುವೆಯಾದದ್ದು ಮೊದಲನೆಯವರನ್ನು. ಎರಡನೆಯವರ ಷರ್ಟಿಗೆ ಗಂಜಿ ಹಾಕಿ ಇಸ್ತ್ರಿ ತಿಕ್ಕುವ ಕೆಲಸವೂ ನನ್ನ ತಲೆಗೇ ಬಂತು.

ವಿದ್ಯೆ ಮಾತ್ರ ಸುಳ್ಳಲ್ಲ, ಅದನ್ನು ಒಪ್ಪಬೇಕು. ಹತ್ತಿ ಗಿರಣಿಯ ಬ್ಯಾಂಡಿನಲ್ಲಿ ಟ್ರೊಂಬೋನ್ ಊದುತ್ತಾ ಬೆಳೆದವರು. ಯುದ್ಧ ಮುಗಿಸಿ ಬಂದ ಮೇಲೆ ಲಂಡನ್ನಿಗೆ ಹೋಗಿ, ಒಂದು ದೊಡ್ಡ ಹೋಟೆಲಿನ ಬ್ಯಾಂಡಿನಲ್ಲಿ ಹಿಂದಿನ ಸಾಲಿನಲ್ಲಿ ಕೂತು ಒಂದು ಚಳಿಗಾಲ ಊದಿದರು. ವಾಪಸು ಬರುವಾಗ ಹೊಸ ಹೆಸರು, ಹೊಸ ಕೋಟು, ಮೂಗಿನಿಂದ ಮಾತಾಡುವ ಹೊಸ ಧಾಟಿ ಎಲ್ಲವನ್ನೂ ತಂದರು. ಅತ್ತೆ ಮಗನ ಮಾತು ಕೇಳಿ ಗಾಬರಿಯಾಗಿ, ಇವನಿಗೆ ನೆಗಡಿಯೇನಮ್ಮಾ ಎಂದು ನನ್ನನ್ನು ಕೇಳಿದರು. ಮಾವ ಏನೂ ಕೇಳದೆ ತಟ್ಟೆಗೆ ಒಂದಿಷ್ಟು ಬೋಟಿ ಬಡಿಸಿದರು. ಸಿರಿಲ್ ವಾಲ್ಡೊ ಅದನ್ನು ತಿಂದು, ಮತ್ತೆ ತಟ್ಟೆ ಮುಂದೆ ಚಾಚಿದರು. ಅಷ್ಟರ ಮಟ್ಟಿಗೆ ಲಂಡನ್ ಸೋತಿತು.

ನಾನು ಆಗ ಮೂಕಿ ಚಿತ್ರಗಳಿಗೆ ಪಿಯಾನೋ ನುಡಿಸುತ್ತಿದ್ದೆ. ಪರದೆಯ ಮೇಲೆ ಕಣ್ಣು, ಕೀಲಿಮಣೆಯ ಮೇಲೆ ಬೆರಳು. ಪ್ರೇಮಿಗಳು ಮುತ್ತಿಡುವಾಗ ಒಂದು ಧಾಟಿ, ಅಷ್ಟರಲ್ಲಿ ಕುದುರೆ ಓಡಿಬಂದರೆ ಇನ್ನೊಂದು. ಒಂದರಿಂದ ಇನ್ನೊಂದಕ್ಕೆ ಹೋದದ್ದು ಯಾರಿಗೂ ಗೊತ್ತಾಗಬಾರದು, ಅದೇ ಆ ಕಸುಬಿನ ಗುಟ್ಟು. ಆಮೇಲೆ ಚಿತ್ರಗಳಿಗೆ ಬಾಯಿ ಬಂತು, ನನ್ನ ಕೆಲಸ ಹೋಯಿತು. ಇವರು ಸ್ವಂತ ಬ್ಯಾಂಡು ಕಟ್ಟುತ್ತಿದ್ದರು, ಪಿಯಾನೋಗೆ ಆಳು ಬೇಕಿತ್ತು. ಸಂಬಳ ಕೇಳದ ಪಿಯಾನೋದವಳು ಮನೆಯಲ್ಲೇ ಇದ್ದಳು.

ಕಾರ್ಯಕ್ರಮ ಗೊತ್ತುಮಾಡಿಕೊಡುವ ಏಜೆಂಟ್ ಒಬ್ಬನಿದ್ದ, ಚುರುಟಿನ ಹೊಗೆಯ ಹಿಂದೆಯೇ ಬದುಕುತ್ತಿದ್ದವನು. ಅವನು ಮೊದಲ ದಿನವೇ ತಕರಾರು ತೆಗೆದ. ಮಧ್ಯಾಹ್ನದ ಟೀ ಡ್ಯಾನ್ಸಿಗೆ ಬರುವವರು ಹೆಂಗಸರು, ಅವರು ಬರುವುದು ಬ್ಯಾಂಡಿನ ನಾಯಕನನ್ನು ನೋಡೋಕೆ, ಅವನ ಹೆಂಡತಿ ಅಲ್ಲೇ ಪಕ್ಕದಲ್ಲಿ ಕೂತಿದ್ದರೆ ನೋಡೋದೇನು ಮಣ್ಣು, ಎಂದ. ಸರಿ, ಬೋರ್ಡಿನ ಮೇಲೆ ನಾನು ಮಿಸ್ ಆಗ್ನೆಸ್ ಆದೆ. ಡ್ಯಾನ್ಸ್ ಹಾಲಿನೊಳಕ್ಕೆ ಕಾಲಿಡುವ ಮೊದಲು ಮದುವೆಯ ಉಂಗುರ ಬಿಚ್ಚಿ ದಾರಕ್ಕೆ ಕಟ್ಟಿ ಕೊರಳಲ್ಲಿ ಹಾಕಿಕೊಂಡು ರವಿಕೆಯೊಳಗೆ ಬಿಡಬೇಕು. ರೀ ಎಂದು ಕರೆಯುವ ಬಾಯಲ್ಲಿ ಮಿಸ್ಟರ್ ವಾಲ್ಡೊ ಎನ್ನಬೇಕು. ಅವರೋ, "ಮಿಸ್ ಆಗ್ನೆಸ್, ನೀವು ದಯವಿಟ್ಟು ಸ್ವಲ್ಪ ನಿಧಾನಕ್ಕೆ ನುಡಿಸ್ತೀರಾ?" ಎಂದು ಜನರೆದುರು ಬೆಣ್ಣೆ ಸವರುವರು. ಬೆಳಿಗ್ಗೆ ಅದೇ ಬಾಯಿ, "ನನ್ನ ಕಾಲುಚೀಲ ಎಲ್ಲಿ ಹಾಕಿದ್ದೀಯೇ?" ಎಂದು ಕೂಗಿರುತ್ತಿತ್ತು.

ಇದರಿಂದ ನನಗೆ ಆದ ಪಾಡು ಹೇಳಿದರೆ ನಗುತ್ತೀರಿ. ನಾವು ಬ್ಯಾಂಡಿನವರು, ಊರೂರು ಅಲೆಯುವವರು, ಇಳಿದುಕೊಳ್ಳುವುದು ಬಾಡಿಗೆ ಕೋಣೆ ಕೊಡುವ ಅಮ್ಮಂದಿರ ಮನೆಗಳಲ್ಲಿ. ಅವರಿಗೆ ನಾವು ಗಂಡ ಹೆಂಡತಿ ಎಂದೇ ಹೇಳಬೇಕು, ಇಲ್ಲದಿದ್ದರೆ ಒಂದು ಕೋಣೆ ಸಿಗುವುದಿಲ್ಲ. ಸೌತ್‌ಪೋರ್ಟಿನಲ್ಲಿ ಹಾಗೆ ಒಂದು ಮನೆಯಲ್ಲಿದ್ದಾಗ ಆ ಮನೆಯಾಕೆ ಬೀದಿಯಲ್ಲಿ ನಮ್ಮ ಬೋರ್ಡು ನೋಡಿಬಿಟ್ಟಳು. ಮಿಸ್ ಎಂದು ಬರೆದಿದೆ, ಬೆರಳಲ್ಲಿ ಉಂಗುರವಿಲ್ಲ. ಸಂಜೆ ನಾವು ಬರುವಷ್ಟರಲ್ಲಿ ನಮ್ಮ ಪೆಟ್ಟಿಗೆಗಳು ಮೆಟ್ಟಿಲ ಮೇಲಿದ್ದವು. ನನ್ನ ಮನೆ ಮರ್ಯಾದಸ್ಥರ ಮನೆ ಎಂದು ಆಕೆ ಬೀದಿಗೆಲ್ಲ ಕೇಳುವಂತೆ ಸಾರಿದಳು. ನಾನು ರವಿಕೆಯೊಳಗಿಂದ ದಾರ ಎಳೆದು ಉಂಗುರ ತೋರಿಸಿದೆ. ಉಂಗುರವನ್ನು ಅಲ್ಲಿ ಬಚ್ಚಿಡುವವಳು ಎಂಥವಳು ಎಂದು ಆಕೆ ಇನ್ನೂ ಜೋರಾಗಿ ಕೂಗಿ ಬಾಗಿಲು ಹಾಕಿಕೊಂಡಳು. ಆವತ್ತು ನಾನು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅತ್ತೆ. ಇವರು ಪಕ್ಕದಲ್ಲಿ ಕೂತು ಟೋಪಿ ತಿರುಗಿಸುತ್ತಾ ಇದ್ದರು.

ಆ ಹೊತ್ತಿನಿಂದ ನನಗೆ ಒಂದೇ ಹಂಬಲ, ನನ್ನದೇ ಒಂದು ಅಡುಗೆಮನೆ. ದೊಡ್ಡದೇನೂ ಬೇಡ. ನನಗೆ ಬೇಕಾದಾಗ ಒಲೆ ಹಚ್ಚಿ, ನನಗೆ ಬೇಕಾದ ಮೀನು ಹುರಿದು, ವಾಸನೆ ಬಂತು ಎಂದು ಯಾರೂ ಗೋಡೆ ಬಡಿಯದ ಒಂದು ಜಾಗ.

ಆ ಹಂಬಲಕ್ಕೆ ದಾರಿ ಕಂಡದ್ದು ಮೋರ್‌ಕಮ್‌ನಲ್ಲಿ, ಕ್ಲಾರೆನ್ಸ್ ಹೋಟೆಲಿನಲ್ಲಿ. ಸಮುದ್ರಕ್ಕೆ ಮುಖ ಮಾಡಿದ ಹೋಟೆಲು. ಮಾಲೀಕರು ಮೇಜರ್ ಹಾಲ್‌ಸ್ಟೆಡ್, ಪಿಂಚಣಿ ಪಡೆದು ಬಂದರೂ ಸೈನ್ಯ ಅವರ ಬೆನ್ನುಮೂಳೆಯಿಂದ ಇಳಿದಿರಲಿಲ್ಲ. ವರ್ಷವಿಡೀ ಅಲ್ಲೇ ಇರುವ ಬ್ಯಾಂಡು ಅವರಿಗೆ ಬೇಕಿತ್ತು. ಬ್ಯಾಂಡಿನ ನಾಯಕನಿಗೆ ಹಿತ್ತಲ ಕಡೆ ಎರಡು ಕೋಣೆ ಮತ್ತು ಒಂದು ಅಡುಗೆಮನೆ. ನಾನು ಅದರ ಕಿಟಕಿಯಿಂದ ಒಳಗೆ ಇಣುಕಿ ನೋಡಿ ಬಂದೆ. ಒಲೆ ಕಪ್ಪಗೆ ಮಿಂಚುತ್ತಿತ್ತು. ಎದೆ ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಮೇಜರ್ ಒಂದೇ ಷರತ್ತು ಹಾಕಿದರು. ಶನಿವಾರ ಟೀ ಡ್ಯಾನ್ಸಿಗೆ ನುಡಿಸಿ ತೋರಿಸಬೇಕು. ಹಿಂದಿನ ವಾರ ಬಂದ ಪ್ರೆಸ್ಟನ್ನಿನ ಬ್ಯಾಂಡು ಎಷ್ಟು ಬೇಸರ ಹುಟ್ಟಿಸಿತ್ತೆಂದರೆ ಕೊನೆಗೆ ಹಾಲಿನಲ್ಲಿ ಉಳಿದವರು ಬಡಿಸುವವರು ಮಾತ್ರವಂತೆ. "ಆರು ಗಂಟೆಗೆ ರಾಜಗೀತೆ ಆಗುವಾಗ ಹಾಲ್ ತುಂಬಿರಬೇಕು, ವಾಲ್ಡೊ ಅವರೇ. ತುಂಬಿದ್ರೆ ಕೆಲಸ ನಿಮ್ದು. ಖಾಲಿ ಇದ್ರೆ ಆರೂಕಾಲಿಗೆ ಒಂದು ರೈಲಿದೆ," ಎಂದರು.

ಇಲ್ಲಿ ಎರಡು ಸಂಗತಿ ಹೇಳಿಬಿಡಬೇಕು. ಮೊದಲನೆಯದು ಕೈಸನ್ನೆ. ಕುಣಿತದ ಗದ್ದಲದಲ್ಲಿ ನಾಯಕ ಬಾಯಲ್ಲಿ ಹೇಳಿದ್ದು ಬ್ಯಾಂಡಿನವರಿಗೆ ಕೇಳಿಸುವುದಿಲ್ಲ. ಹಾಗಾಗಿ ಮುಷ್ಟಿ ಹಿಡಿದರೆ ಈ ಹಾಡು ಇಲ್ಲಿಗೆ ಮುಗಿಸಿ ಎಂದು, ಬೆರಳು ತಿರುಗಿಸಿದರೆ ಇನ್ನೊಂದು ಸುತ್ತು ಎಂದು, ಅಂಗೈಯನ್ನು ನೆತ್ತಿಯ ಮೇಲಿಟ್ಟರೆ ರಾಜಗೀತೆ ಎಂದು. ರಾಜನಿಗೆ ಕಿರೀಟ, ಕಿರೀಟ ತಲೆ ಮೇಲೆ, ಅಷ್ಟೇ ತರ್ಕ. ಇದನ್ನು ಕಂಡುಹಿಡಿದವರು ಇವರೇ, ಅದರ ಬಗ್ಗೆ ಹೆಮ್ಮೆ ಬೇರೆ. ರಾಜಗೀತೆ ಎಂದರೆ ನಮ್ಮ ದೇಶದ ಗೀತೆ, ಡ್ಯಾನ್ಸಿನ ಕೊನೆಗೆ ಮಂಗಳ ಹಾಡಿದ ಹಾಗೆ. ಅದು ಶುರುವಾಯಿತೋ, ಯಾರು ಎಲ್ಲಿದ್ದಾರೋ ಅಲ್ಲೇ ನೆಟ್ಟಗೆ, ಕೈ ಕೆಳಗೆ ಬಿಟ್ಟು ನಿಲ್ಲಬೇಕು. ಅದು ಮುಗಿಯಿತೋ, ಕೋಟು ಹಾಕಿಕೊಂಡು ಮನೆಗೆ. ಅದಾದ ಮೇಲೆ ಇನ್ನೊಂದು ಹಾಡು ಯಾವ ಬ್ಯಾಂಡೂ ನುಡಿಸುವುದಿಲ್ಲ, ನುಡಿಸಿದರೂ ಯಾರೂ ಕೂರುವುದಿಲ್ಲ.

ಎರಡನೆಯದು ಇವರ ತಲೆ. ಮದುವೆಯಾದ ಕೆಲವೇ ವರ್ಷಗಳಲ್ಲಿ ಕೂದಲು ಹೇಳದೆ ಕೇಳದೆ ಹೊರಟುಹೋಯಿತು. ಸಿರಿಲ್ ವಾಲ್ಡೊ ಬೋಳುತಲೆಯವರಾಗಲು ಸಾಧ್ಯವೇ? ಮ್ಯಾಂಚೆಸ್ಟರಿಗೆ ಹೋಗಿ ಒಂದು ವಿಗ್ ಮಾಡಿಸಿಕೊಂಡು ಬಂದರು, ಕಂದು ಬಣ್ಣದ್ದು, ಬಿಸಿಲಿಗೆ ಸ್ವಲ್ಪ ಕೆಂಪಗೆ ಕಾಣುತ್ತಿತ್ತು. ವಿಗ್ ಎಂಬ ಮಾತೇ ನಮ್ಮಲ್ಲಿ ನಿಷಿದ್ಧ. ನಾವಿಬ್ಬರೂ ಅದನ್ನು ಬೆಕ್ಕು ಎನ್ನುತ್ತಿದ್ದೆವು. "ಬೆಕ್ಕು ನೆಟ್ಟಗೆ ಕೂತಿದೆಯೇನೇ?" ಎಂದು ಹೊರಡುವ ಮುಂಚೆ ಕೇಳುವರು. ನಾನು ಕಿವಿಯ ಹತ್ತಿರ ಸ್ವಲ್ಪ ಎಳೆದು, ಮಲಗಿದೆ, ನಡೀರಿ ಎನ್ನುವೆ.

ಬೋಳುತಲೆಗೂ ತಲೆ ಮುಟ್ಟುವ ಸನ್ನೆಗೂ ಹೊಂದುವುದಿಲ್ಲ ಎಂದು ನಾನು ಬಡಿದುಕೊಂಡೆ. ಸನ್ನೆ ಬದಲಾಯಿಸಿ, ಮೂಗು ಮುಟ್ಟಿಕೊಳ್ಳಿ, ಕಿವಿ ಹಿಡಿದುಕೊಳ್ಳಿ ಎಂದೆ. ಬದಲಾಯಿಸಿದರೆ ಯಾಕೆ ಎಂದು ಬ್ಯಾಂಡಿನವರು ಕೇಳುತ್ತಾರೆ, ಕೇಳಿದರೆ ಏನು ಹೇಳಲಿ ಎಂದರು. ಇದರ ಚಂದ ನೋಡಿ. ಬ್ಯಾಂಡಿನಲ್ಲಿ ಒಬ್ಬೊಬ್ಬನಿಗೂ ವಿಗ್ಗಿನ ವಿಷಯ ಗೊತ್ತಿತ್ತು. ಒಬ್ಬೊಬ್ಬನೂ ತನಗೊಬ್ಬನಿಗೇ ಗೊತ್ತು ಎಂದುಕೊಂಡು, ಪಾಪ, ಅವರ ಮನಸ್ಸಿಗೆ ನೋವಾಗಬಾರದು ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದ. ಹೀಗೆ ಎಲ್ಲರೂ ಸಭ್ಯರಾಗಿದ್ದುದರಿಂದ ಆ ಸನ್ನೆ ಹಾಗೇ ಉಳಿಯಿತು.

ಶನಿವಾರ ಬೆಳಿಗ್ಗೆ ನೋಡಿದರೆ ಬೆಕ್ಕನ್ನು ಕೂರಿಸುವ ಅಂಟಿನ ಸೀಸೆ ಒಣಗಿಹೋಗಿದೆ. ಮುಚ್ಚಳ ಹಾಕದೆ ಇಟ್ಟವರು ಯಾರು ಎಂಬ ಜಗಳ ಈಗ ಬೇಡ, ಅವರೇ. ಒಂದು ಹಿಡಿ ಮೈದಾ ಸಿಕ್ಕಿದರೆ ಗೋಂದು ಕಾಯಿಸುತ್ತೇನೆ ಎಂದು ನಾನು ಕೆಳಗಿಳಿದು ಬಾಡಿಗೆ ಮನೆಯಾಕೆಯನ್ನು ಕೇಳಿದೆ. ತಿಂಡಿಯ ಹೊತ್ತು ಮುಗಿದ ಮೇಲೆ ಅಡುಗೆಮನೆಗೆ ಯಾರಿಗೂ ಪ್ರವೇಶವಿಲ್ಲ ಎಂದಳು. ಒಂದು ಹಿಡಿ ಮೈದಾಗೂ ಕೈಯೊಡ್ಡಬೇಕಲ್ಲ ಎಂದು ಹೊಟ್ಟೆ ಉರಿಯಿತು. ಕೊನೆಗೆ ಸೀಸೆಯ ತಳ ಕೆರೆದು, ನನ್ನ ಎರಡು ಹೇರ್‌ಪಿನ್ನು ಕೊಟ್ಟು, ಹೇಗೋ ಕೂರಿಸಿದೆ. ತಲೆ ಅಲ್ಲಾಡಿಸಬೇಡಿ, ಬಗ್ಗಬೇಡಿ, ಮುಖ್ಯವಾಗಿ ಕುಣಿಯಬೇಡಿ ಎಂದು ಹೇಳಿ ಹೊರಡಿಸಿದೆ.

ಮಧ್ಯಾಹ್ನ ಹಾಲ್ ಕಿಕ್ಕಿರಿದಿತ್ತು. ಹೊರಗೆ ಸಮುದ್ರದ ಗಾಳಿ ಬೀಸುತ್ತಿದ್ದರಿಂದ ಬಂದವರಿಗೆ ಬೇರೆ ಹೋಗುವ ಜಾಗವೂ ಇರಲಿಲ್ಲ ಅನ್ನಿ. ನಮ್ಮವರು ಕೋಲು ಎತ್ತಿದರು. ಅವರ ಮೇಲೆ ನನಗೆ ನೂರು ಸಿಟ್ಟಿರಬಹುದು, ಆದರೆ ಆ ಕೋಲು ಎತ್ತಿದ ಕ್ಷಣ ಅವರನ್ನು ನೋಡಬೇಕು. ಮೊಣಕಾಲು ನೋವಿನ ಮುದುಕಿಯರೂ ಕುರ್ಚಿಯಿಂದ ಎದ್ದರು. ಟೀ ಎರಡನೇ ಸಲ ಬಂತು, ಸೀಗಡಿ ಸವರಿದ ಬ್ರೆಡ್ಡು ಖಾಲಿಯಾಗಿ ಮತ್ತೆ ಬಂತು. ಮೇಜರ್ ಬಾಗಿಲ ಹತ್ತಿರ ಬೆನ್ನ ಹಿಂದೆ ಕೈ ಕಟ್ಟಿ ನಿಂತಿದ್ದವರು ಒಂದು ಸಲ ಕಾಲಲ್ಲಿ ತಾಳ ಹಾಕಿದ್ದನ್ನು ನಾನೇ ಕಂಡೆ. ನಾನು ಮನಸ್ಸಿನಲ್ಲಿ ಅಡುಗೆಮನೆಯ ಕಿಟಕಿಗೆ ಪರದೆ ಹೊಲಿಯತೊಡಗಿದೆ, ಚೌಕುಳಿ ಬಟ್ಟೆಯದು.

ಆರಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಒಂದು ವಾಲ್ಟ್ಜ್ ಶುರುವಾಯಿತು, ಜೋಡಿಜೋಡಿಯಾಗಿ ತಿರುಗುವ ಕುಣಿತ, ಅದರಲ್ಲೂ ಹೆಂಗಸರೇ ಜೊತೆಯನ್ನು ಆರಿಸಿಕೊಳ್ಳುವ ಸುತ್ತು. ಮೇಜರ್ ಅವರ ಹೆಂಡತಿ ಸೀದಾ ವೇದಿಕೆಯ ಬಳಿ ಬಂದು ನಮ್ಮವರ ಎದುರು ನಿಂತರು. ಎತ್ತರದ ಹೆಂಗಸು, ಅದರ ಮೇಲೆ ಟೋಪಿ, ಟೋಪಿಯ ಮೇಲೆ ಮಾರುದ್ದದ ಗರಿ. ಕಂಕುಳಲ್ಲಿದ್ದ ಪುಟ್ಟ ನಾಯಿಯನ್ನು ಕುರ್ಚಿಯ ಮೇಲೆ ಕೂರಿಸಿ, ಬನ್ನಿ ಮಿಸ್ಟರ್ ವಾಲ್ಡೊ ಎಂದು ಕೈ ಚಾಚಿದರು. ಮಾಲೀಕರ ಹೆಂಡತಿಗೆ ಆಗುವುದಿಲ್ಲ ಎನ್ನಲು ಸಾಧ್ಯವೇ? ಇವರು ನನ್ನ ಕಡೆ ಒಂದು ನೋಟ ಹಾಯಿಸಿ ಕೆಳಗಿಳಿದರು. ತಲೆ ಅಲ್ಲಾಡಿಸಬೇಡಿ ಎಂದು ಕಣ್ಣಲ್ಲೇ ಹೇಳಿದೆ.

ಒಂದು ಸುತ್ತು ಚೆನ್ನಾಗಿಯೇ ಹೋಯಿತು. ಇನ್ನೊಂದು ಸುತ್ತಿಗೆ ಆಕೆ ಗಿರಕಿ ಹೊಡೆದರು. ಗರಿ ಬಂದು ಬೆಕ್ಕಿನ ಬುಡಕ್ಕೆ ಸಿಕ್ಕಿ ಎಳೆಯಿತು. ಇವರು ಗಾಬರಿಯಾಗಿ ಅಂಗೈಯನ್ನು ಫಟ್ಟನೆ ನೆತ್ತಿಯ ಮೇಲಿಟ್ಟುಕೊಂಡರು.

ನಮ್ಮ ಡ್ರಮ್ಮಿನವನು ಈನಕ್, ಸೈನ್ಯದ ಬ್ಯಾಂಡಿನಲ್ಲಿ ಪಳಗಿದ ಮುದುಕ. ಗಡಿಯಾರ ನೋಡುವ ಅಭ್ಯಾಸ ಅವನಿಗಿಲ್ಲ, ಅಪ್ಪಣೆ ಅಂದರೆ ಅಪ್ಪಣೆ. ಡ್ರಮ್ಮು ಗಡಗಡಿಸಿತು. ಊದುವವರೆಲ್ಲ ಒಟ್ಟಿಗೆ ಎದ್ದು ನಿಂತರು. ನನ್ನ ಕೈಗಳೂ ನನ್ನನ್ನು ಕೇಳದೆ ಶುರುಮಾಡಿಬಿಟ್ಟವು. ರಾಜಗೀತೆ.

ಇಡೀ ಹಾಲ್ ಕಲ್ಲಾಯಿತು. ಕೇಕನ್ನು ಬಾಯಿಗೆ ಇಟ್ಟಿದ್ದವಳು ಕಚ್ಚಲೂ ಆಗದೆ ತೆಗೆಯಲೂ ಆಗದೆ ನಿಂತಳು. ಟೀ ಬಗ್ಗಿಸುತ್ತಿದ್ದವನು ಕೆಟಲು ಎತ್ತುವುದನ್ನೂ ಮರೆತು ನೆಟ್ಟಗಾದ, ಟೀ ತಟ್ಟೆ ತುಂಬಿ ಮೇಜಿನ ಬಟ್ಟೆಗಿಳಿಯಿತು. ಎಲ್ಲರ ಕೈ ಕೆಳಗೆ. ಹಾಲಿನ ನಟ್ಟನಡುವೆ ಒಬ್ಬರ ಕೈ ಮಾತ್ರ ತಲೆಯ ಮೇಲೆ.

ಮೇಜರ್ ಕಣ್ಣು ಕೆಂಪಗೆ ಮಾಡಿಕೊಂಡು ಇವರನ್ನೇ ನೋಡಿದರು. ರಾಜನ ಹಾಡಿಗೆ ತಲೆ ಮೇಲೆ ಕೈ ಹೊತ್ತು ನಿಲ್ಲುವ ಪ್ರಾಣಿಯನ್ನು ಅವರು ಯಾವ ದೇಶದಲ್ಲೂ ಕಂಡಿರಲಿಲ್ಲವೇನೋ. ಇವರು ಮೇಜರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ಮುಖದಲ್ಲಿ ಸಿರಿಲ್ ವಾಲ್ಡೊ ಇರಲಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಟೋಪಿ ತಿರುಗಿಸುತ್ತಿದ್ದ ಹರ್ಬರ್ಟ್ ಇದ್ದರು. ಅವರು ಕಣ್ಣು ಮುಚ್ಚಿಕೊಂಡು ಕೈ ಕೆಳಗಿಳಿಸಿದರು.

ಬೆಕ್ಕು ತನ್ನ ಪಾಡಿಗೆ ತಾನು ನಿಧಾನವಾಗಿ ಹಣೆಗೆ ಜಾರಿತು. ಹುಬ್ಬಿನ ಹತ್ತಿರ ಸ್ವಲ್ಪ ಯೋಚಿಸಿತು. ಮೂಗಿನ ಮೇಲಿಂದ ಇಳಿದು ಮೇಜರ್ ಪತ್ನಿಯ ಶೂಗಳ ಮುಂದೆ ಬಿತ್ತು. ಯಾರೂ ನಗುವ ಹಾಗಿಲ್ಲ, ಅಲ್ಲಾಡುವ ಹಾಗಿಲ್ಲ. ಆ ಹಾಲಿನಲ್ಲಿ ರಾಜನ ಹಂಗಿಲ್ಲದವನು ಒಬ್ಬನೇ, ಆ ಪುಟ್ಟ ನಾಯಿ. ಕುರ್ಚಿಯಿಂದ ಹಾರಿ ಬಂದು ಬೆಕ್ಕಿನ ಕುತ್ತಿಗೆ ಎಲ್ಲಿರಬೇಕೋ ಅಲ್ಲಿಗೇ ಬಾಯಿ ಹಾಕಿ ಒದರಿ ಒದರಿ ಬಡಿಯಿತು. ಆಮೇಲೆ ಅದನ್ನು ಕಚ್ಚಿಕೊಂಡು, ನೆಟ್ಟಗೆ ನಿಂತ ಕಾಲುಗಳ ಸಂದಿಯಲ್ಲೆಲ್ಲ ಮೆರವಣಿಗೆ ಹೊರಟಿತು. ಜನ ಹಲ್ಲು ಕಚ್ಚಿ ತಡೆದುಕೊಂಡರು. ಭುಜಗಳು ಕುಲುಕುತ್ತಿದ್ದವು, ಒಬ್ಬ ಪಾದ್ರಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಹಾಡು ಕೊನೆಯ ಸಾಲಿಗೆ ಬಂತು. ಆಗ ನನಗೆ ಕಂಡದ್ದು ನಾಯಿಯಲ್ಲ, ಕೋಟುಗಳು. ಕುರ್ಚಿಗಳ ಬೆನ್ನಿಗೆ ನೇತುಹಾಕಿದ ಕೋಟುಗಳು. ಎಲ್ಲರ ಕಣ್ಣೂ ಆಗಲೇ ಅತ್ತ ತಿರುಗಿದ್ದವು. ಇನ್ನು ನಾಲ್ಕು ಸ್ವರ, ಅಷ್ಟೇ. ಹಾಲ್ ಖಾಲಿ, ಒಲೆ ಹೋಯಿತು, ಚೌಕುಳಿ ಪರದೆ ಹೋಯಿತು, ಆರೂಕಾಲಿನ ರೈಲು. ಇಷ್ಟು ವರ್ಷ ರವಿಕೆಯೊಳಗೆ ಉಂಗುರ ಬಚ್ಚಿಟ್ಟುಕೊಂಡದ್ದು ಇದಕ್ಕಾ ಎಂದು ಮೈಯೆಲ್ಲ ಉರಿಯಿತು. ರಾಜಗೀತೆ ಮುಗಿದರೆ ತಾನೇ ಜನ ಹೋಗುವುದು?

ನಾನು ಮುಗಿಸಲಿಲ್ಲ. ಕೊನೆಯ ಸ್ವರದಿಂದ ಮೊದಲ ಸ್ವರಕ್ಕೆ ಜಿಗಿದೆ.

ಕಹಳೆಯವನು ಬಾಯಿಂದ ಕಹಳೆ ತೆಗೆಯುತ್ತಿದ್ದವನು ಮತ್ತೆ ಇಟ್ಟುಕೊಂಡ. ಕೋಟಿಗೆ ಕೈ ಚಾಚಿದ್ದವರು ಕೈ ಹಿಂದಕ್ಕೆಳೆದರು. ಎರಡನೇ ಚರಣವೂ ಇದೆ ಎಂದು ಗೊತ್ತಿದ್ದವರು ದೇಶಭಕ್ತಿಯಿಂದ ಹಾಡತೊಡಗಿದರು, ಅರ್ಧಕ್ಕೆ ಮಾತು ಮರೆತು ಗುಂಯ್‌ಗುಟ್ಟಿದರು. ಮೂರನೆಯದೂ ಆಯಿತು. ಮತ್ತೆ ಮೊದಲಿನಿಂದ. ಈನಕ್ ನನ್ನ ಕಡೆ ಬಾಗಿ, "ಏನ್ ತಾಯಿ ಇದು, ರಾಜರು ಖುದ್ದಾಗಿ ಬರ್ತಿದಾರಾ?" ಎಂದು ಪಿಸುಗುಟ್ಟಿದ.

"ನಿಲ್ಲಿಸಿದ್ರೆ ನಿನ್ನ ಕಡ್ಡಿ ಮುರಿದು ಒಲೆಗೆ ಹಾಕ್ತೀನಿ," ಎಂದೆ. ಆ ಒಲೆ ಎಲ್ಲಿತ್ತೋ ಅವನಿಗೇನು ಗೊತ್ತು.

ಆದರೆ ಎಷ್ಟು ಹೊತ್ತು ಹೀಗೆ? ಕಿಟಕಿಯ ಹತ್ತಿರದ ಮುದುಕರೊಬ್ಬರ ಮೊಣಕಾಲು ನಡುಗುತ್ತಿತ್ತು. ಮೇಜರ್ ಗಲ್ಲ ಮೇಲೆತ್ತಿ ನಿಂತಿದ್ದರೂ ಹುಬ್ಬು ಗಂಟಿಕ್ಕತೊಡಗಿತ್ತು. ಆಗ ಹಳೆಯ ಕಸುಬು ಬೆರಳಿಗೆ ಬಂತು. ರಾಜಗೀತೆಯೂ ಮೂರು ಎಣಿಕೆಯದು, ವಾಲ್ಟ್ಜೂ ಮೂರು ಎಣಿಕೆಯದು. ಪರದೆಯ ಮೇಲೆ ಸಾವಿನ ಮನೆಯಿಂದ ಮದುವೆ ಮನೆಗೆ ಎಷ್ಟು ಸಲ ಜನರಿಗೆ ತಿಳಿಯದಂತೆ ಕರೆದೊಯ್ದಿಲ್ಲ ನಾನು? ಎಡಗೈಯಲ್ಲಿ ಮೊದಲ ಎಣಿಕೆಯನ್ನು ಸ್ವಲ್ಪ ಒತ್ತಿದೆ, ಉಳಿದೆರಡನ್ನು ಹಗುರ ಮಾಡಿದೆ. ಬಲಗೈ ರಾಜಗೀತೆಯ ಅಂಗಳದಲ್ಲೇ ಅಡ್ಡಾಡುತ್ತಾ ಒಂದು ಸ್ವರ ಆಚೆ ಇಟ್ಟಿತು, ಇನ್ನೊಂದು ಸ್ವರ ಆಚೆ ಇಟ್ಟಿತು. ಈನಕ್ ಬೆವರುತ್ತಿದ್ದ. ನಾನು ಕಣ್ಣು ಬಿಟ್ಟು ಹೆದರಿಸಿದೆ, ಅವನು ಕಡ್ಡಿ ಕೆಳಗಿಟ್ಟು, ಡ್ರಮ್ಮನ್ನು ಮೆಲ್ಲಗೆ ಸವರುವ ಬ್ರಷ್ಷು ತೆಗೆದುಕೊಂಡ. ಅರ್ಧಕ್ಕೆ ತುಂಡಾಗಿದ್ದ ಆ ವಾಲ್ಟ್ಜಿನೊಳಕ್ಕೆ ನಾವು ಹಿತ್ತಲ ಬಾಗಿಲಿನಿಂದ ಹೊಕ್ಕೆವು. ಎಲ್ಲಿ ಹೊಕ್ಕೆವು ಎಂದು ಈಗ ಕೇಳಿದರೆ ನನಗೂ ಗೊತ್ತಿಲ್ಲ.

ಜನಕ್ಕೆ ಅನುಮಾನ. ಅಲ್ಲಾಡಬಹುದೋ, ಬಾರದೋ? ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡಿದರು. ರಾಜನಿಗೆ ಅವಮಾನ ಮಾಡಿದ ಮೊದಲಿಗರಾಗಲು ಯಾರಿಗೂ ಧೈರ್ಯವಿಲ್ಲ. ನಡುವೆ ಇವರು ಬಲ್ಬಿನಂತೆ ಹೊಳೆಯುವ ತಲೆ ಹೊತ್ತು, ಕಣ್ಣು ಮುಚ್ಚಿ, ಹಾಗೇ ನಿಂತಿದ್ದರು. ಕಣ್ಣು ಬಿಟ್ಟರೆ ಬಾಗಿಲ ಕಡೆ ಓಡುತ್ತಾರೆ ಎಂದು ನನಗೆ ಭಯ. ಅವರು ಓಡಿದರೆ ಜನವೂ ನಗುತ್ತಾ ಹಿಂದೆಯೇ ಹೋಗುತ್ತದೆ. ರೀ, ಓಡಬೇಡಿ, ನನ್ನಾಣೆ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬೆರಳು ಮಾತ್ರ ನುಡಿಸುತ್ತಲೇ ಇತ್ತು.

ಅವರು ಕಣ್ಣು ಬಿಟ್ಟರು. ವಾಲ್ಟ್ಜ್ ಎಂದು ಅವರ ಕಿವಿಗೆ ತಿಳಿಯಿತು. ನನ್ನ ಕಡೆ ತಿರುಗಿ, ಒಂದು ಕ್ಷಣ ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ಬೋಟಿ ಅಂಗಡಿಯ ಮಗನ ಹಾಗೆ ಹಲ್ಲು ಕಿರಿದು, ಮೇಜರ್ ಪತ್ನಿಯ ಎದುರು ನಡು ಬಗ್ಗಿಸಿ ನಮಸ್ಕರಿಸಿದರು. ಬಗ್ಗಿದ ತಲೆಯಲ್ಲಿ ದೀಪಗಳೆಲ್ಲ ಕಂಡವು. ಆಕೆ ಅಲ್ಲಿಯವರೆಗೆ ತಡೆದುಕೊಂಡಿದ್ದ ನಗುವನ್ನು ಕುದುರೆ ಕೆನೆದಂತೆ ಹೊರಗೆ ಬಿಟ್ಟರು. ಹಾಲಿಗೆ ಹಾಲೇ ನಕ್ಕಿತು. ನಗುತ್ತಲೇ ಕುಣಿಯಿತು. ಮುದುಕರು ಕೂತರು, ಕೇಕಿನವಳು ಕೇಕು ನುಂಗಿದಳು, ಇನ್ನೊಂದು ಕೆಟಲು ಟೀ ತನ್ನಿ ಎಂದು ನಾಲ್ಕು ಮೇಜಿನವರು ಕೂಗಿದರು.

ಗಡಿಯಾರ ಆರು ಹೊಡೆಯುವಾಗ ಒಬ್ಬರೂ ಹೋಗಿರಲಿಲ್ಲ. ಇವರು ವೇದಿಕೆ ಹತ್ತಿ, ಜನರ ಕಡೆ ಮುಖ ಮಾಡಿ, ಬಲಗೈ ಎತ್ತಿ, ನಿಧಾನವಾಗಿ, ಆ ಬರಿಯ ನೆತ್ತಿಯ ಮೇಲೆ ಅಂಗೈ ಇಟ್ಟರು. ಈ ಸಲ ರಾಜಗೀತೆ ಒಂದೇ ಚರಣ.

ಜನ ಕರಗಿದ ಮೇಲೆ ಮೇಜರ್ ಬೂಟು ಸದ್ದು ಮಾಡುತ್ತಾ ಬಂದರು. ಕೈಯಲ್ಲಿ ಒದ್ದೆಯಾದ ವಿಗ್ಗು, ಅದನ್ನು ಎರಡೇ ಬೆರಳಲ್ಲಿ ಹಿಡಿದಿದ್ದರು. ಇವರ ಕೈಗೆ ಕೊಟ್ಟು, ನನ್ನ ಕಡೆ ಗಲ್ಲ ತೋರಿಸಿ ಕೇಳಿದರು.

"ಯಾರು ಆಕೆ?"

ಮಿಸ್ ಆಗ್ನೆಸ್, ನಮ್ಮ ಪಿಯಾನೋದವರು. ಈ ಉತ್ತರವನ್ನು ಇವರ ಬಾಯಿಂದ ಎಷ್ಟು ಊರಲ್ಲಿ ಕೇಳಿದ್ದೇನೋ. ಮೂಲೆಯಲ್ಲಿ ಇನ್ನೂ ಒಂದಷ್ಟು ಹೆಂಗಸರು ಇವರನ್ನೇ ನೋಡುತ್ತಾ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ನಾನು ಸ್ವರದ ಹಾಳೆಗಳನ್ನು ಜೋಡಿಸುತ್ತಾ ತಲೆ ತಗ್ಗಿಸಿದೆ.

"ನನ್ನ ಹೆಂಡತಿ, ಸರ್," ಎಂದರು. ಮೂಗಿನಿಂದಲ್ಲ, ಓಲ್ಡಮ್ಮಿನ ಗಂಟಲಿನಿಂದ, ಹಾಲಿಗೆಲ್ಲ ಕೇಳುವಂತೆ.

"ಬೋರ್ಡಿನ ಮೇಲೆ ಮಿಸ್ ಅಂತ ಇದೆಯಲ್ಲ?"

"ಬೋರ್ಡಿನ ಮೇಲೆ ಏನೇನೋ ಇದೆ ಸರ್. ನನ್ನ ತಲೆ ಮೇಲೂ ಏನೇನೋ ಇತ್ತು."

ನನ್ನ ಕೈಯಿಂದ ಹಾಳೆಗಳು ಜಾರಿಬಿದ್ದವು. ಬಗ್ಗಿ ಆರಿಸುವ ನೆಪದಲ್ಲಿ ಪಿಯಾನೋದ ಕೆಳಗೆ ಸ್ವಲ್ಪ ಹೊತ್ತು ಅತ್ತುಕೊಂಡೆ. ಅಲ್ಲೇ ದಾರ ಕಡಿದು ಉಂಗುರ ಬೆರಳಿಗೆ ಹಾಕಿಕೊಂಡೆ. ನಾನು ಮೇಲೇಳುವಾಗ ಮೇಜರ್ ಮೀಸೆ ಸವರುತ್ತಾ ಇವರಿಗೆ ಹೇಳುತ್ತಿದ್ದರು, "ಏನು ಬೀಳುತ್ತೆ ಅಂತ ಗೊತ್ತಿದ್ದೂ ಕೈ ಇಳಿಸಿದ್ರಲ್ಲ, ಅದನ್ನ ನೋಡಿದೆ ನಾನು. ಸೋಮವಾರ ಸಾಮಾನು ತಗೊಂಡು ಬನ್ನಿ." ಆಮೇಲೆ ನನ್ನ ಕಡೆ ತಿರುಗಿದರು. "ಮಿಸೆಸ್ ವಾಲ್ಡೊ, ರಾಜಗೀತೇನ ಇನ್ನೊಂದು ಸಲ ವಾಲ್ಟ್ಜ್ ಕುಣಿಸಿದ್ರೆ ಪಿಯಾನೋ ಸಮೇತ ಸಮುದ್ರಕ್ಕೆ ಹಾಕಿಸ್ತೀನಿ."

"ಕ್ಲೆಗ್, ಸರ್," ಎಂದೆ. "ಮಿಸೆಸ್ ಕ್ಲೆಗ್."

ಹೊಸ ಬೋರ್ಡಿನಲ್ಲಿ ಬರೆದದ್ದೂ ಅದೇ, ಹರ್ಬರ್ಟ್ ಕ್ಲೆಗ್ ಮತ್ತು ಅವರ ಬ್ಯಾಂಡು. ಏಜೆಂಟ್ ಇವರ ಕೆಲಸಕ್ಕೆ ಅಂತ್ಯಕಾಲ ಬಂತು ಎಂದು ಶಾಪ ಹಾಕಿದ. ಹೆಂಗಸರು ಬರುವುದನ್ನು ನಿಲ್ಲಿಸಲಿಲ್ಲ, ಬೋಳುತಲೆಗೆ ಬೇರೆಯೇ ಅಭಿಮಾನಿಗಳಿರುತ್ತಾರೆಂದು ನಮಗೇನು ಗೊತ್ತು. ನಮ್ಮ ಬ್ಯಾಂಡು ಹೋದ ಊರಿಗೆಲ್ಲ ಬರುತ್ತಿದ್ದ ಮಿಸ್ ಪಿಕಪ್ ಎಂಬ ಒಬ್ಬಾಕೆ ಮಾತ್ರ ಮೂತಿ ಊದಿಸಿಕೊಂಡು ನನ್ನ ಹತ್ತಿರ ಬಂದು, ತಾನು ಇವರಿಗೆಂದು ವರ್ಷ ವರ್ಷವೂ ಹೆಣೆದು ಕೊಟ್ಟ ಮಫ್ಲರುಗಳನ್ನು ಇಷ್ಟು ದಿನ ಯಾರು ಹಾಕುತ್ತಿದ್ದರು ಎಂದು ಕೇಳಿದರು. ಈನಕ್ ಎಂದೆ. ಆಕೆ ಈನಕ್ ಕಡೆ ತಿರುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವನಿಗೆ ಈಗ ಕೈಗವಸೂ ಬರುತ್ತದೆ.

ಮಂಗಳವಾರ ಬೆಳಿಗ್ಗೆ ನನ್ನ ಒಲೆ ಹಚ್ಚಿದೆ. ಹೊಗೆಯಲ್ಲಿಟ್ಟ ಹೆರಿಂಗ್ ಮೀನನ್ನು ಬೆಣ್ಣೆಯಲ್ಲಿ ಹುರಿದೆ, ವಾಸನೆ ಸಮುದ್ರದವರೆಗೂ ಹೋಗಲಿ ಎಂದು ಕಿಟಕಿ ತೆರೆದಿಟ್ಟೆ. ಯಾರೂ ಗೋಡೆ ಬಡಿಯಲಿಲ್ಲ. ಇವರು ಬನಿಯನ್ನಿನಲ್ಲಿ, ಬರಿಯ ತಲೆಯಲ್ಲಿ, ಮೇಜಿನ ಮುಂದೆ ಕೂತಿದ್ದರು. ಬೆಕ್ಕು ಮತ್ತೆ ಆ ಪುಟ್ಟ ನಾಯಿಯ ಪಾಲಾಗಿ, ಅದರ ಬುಟ್ಟಿಯಲ್ಲಿ ಕಾಯಂ ಆಗಿತ್ತು. ಉಪ್ಪು ಎಲ್ಲಿಟ್ಟಿದ್ದೀಯೇ ಎಂದು ಕೇಳುತ್ತಾ, ಯೋಚಿಸುವವರ ಹಾಗೆ ಅಂಗೈಯನ್ನು ನೆತ್ತಿಯ ಮೇಲಿಟ್ಟರು.

ನಾನು ಸೌಟು ಕೆಳಗಿಟ್ಟು, ಉಂಗುರದ ಕೈ ಕೆಳಗೆ ಬಿಟ್ಟು, ನೆಟ್ಟಗೆ ನಿಂತುಕೊಂಡೆ.

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ತಾವೂ ಎದ್ದು ನಿಂತರು. ಮೀನು ಸ್ವಲ್ಪ ಸೀಯಿತು.